ನಲವತ್ತು ಇಂಚಿನ ಹಾಡು

ಮಾಸ್ಟರರ ಹೊಲಿಗೆ ಅಂಗಡಿಯಲ್ಲಿ ಕೂರಲು ಇದ್ದುದು ಎರಡೇ ಜಾಗ. ಒಂದು, ಯಂತ್ರದ ಹಿಂದಿನ ಬೆಂಚು, ಅದು ಮಾಸ್ಟರರದು. ಇನ್ನೊಂದು, ಬಾಗಿಲ ಪಕ್ಕದ ಮರದ ಸ್ಟೂಲು. ಅದರ ಒಂದು ಕಾಲು ಗಿಡ್ಡ. ಮಾಸ್ಟರರ ಹೆಂಡತಿ, ಗಿರಾಕಿಗಳ ಬಾಯಲ್ಲಿ ಮಾಸ್ಟರಮ್ಮ, ಆ ಸ್ಟೂಲಿನ ಮೇಲೆ ಐವತ್ತೊಂದು ವರ್ಷ ಟಕಟಕ ಎನ್ನಿಸುತ್ತ ಕೂತಿದ್ದವರು. ಅವರು ದೇವರ ಪಾದ ಸೇರಿ ಹತ್ತು ತಿಂಗಳಾಗಿತ್ತು. ಗಿರಾಕಿಗಳು ಯಾರಾದರೂ ಸ್ಟೂಲಿನ ಮೇಲೆ ಕೂರಲು ಹೋದರೆ ಮಾಸ್ಟರರು, "ಅದು ಮುರಿದಿದೆ, ಕೂರಬೇಡಿ" ಎನ್ನುತ್ತಿದ್ದರು. ಮುರಿದಿರಲಿಲ್ಲ. ದೇವರಿಗೆ ಹೆದರುವ ಮನುಷ್ಯ. ಸಂಜೆ ದೀಪ ಹಚ್ಚಿ ಆ ಸುಳ್ಳಿಗೆ ಕ್ಷಮೆ ಕೇಳಿಕೊಂಡು, ಬೆಳಗ್ಗೆ ಎದ್ದು ಅದೇ ಸುಳ್ಳನ್ನು ಮತ್ತೆ ಹೇಳುತ್ತಿದ್ದರು.

ಒಂದು ಕಾಲದಲ್ಲಿ ಆ ಬೀದಿಯ ಹುಡುಗರ ಕಾಲಿಗೆ ಏನು ಏರಬೇಕೆಂದು ತೀರ್ಮಾನಿಸುತ್ತಿದ್ದುದು ರೇಡಿಯೊ. ಡ್ರಮ್ಮು ಚಕಚಕನೆ ಬಡಿದುಕೊಳ್ಳುತ್ತಿದ್ದ ಕಾಲಕ್ಕೆ ಪ್ಯಾಂಟುಗಳು ಕೊಳವೆಗಳಾದವು. ಹಿಮ್ಮಡಿಗೆ ಕಾಗದ ಸುತ್ತಿಕೊಂಡು ಕಾಲು ತೂರಿಸಬೇಕು. ಬಿಚ್ಚುವಾಗ ತಮ್ಮ ಒಂದು ಕಾಲು, ಅಮ್ಮ ಒಂದು ಕಾಲು ಹಿಡಿದು ಎಳೆಯಬೇಕು. ಆಮೇಲೆ ಗಿಟಾರು ಬಂತು, ಹುಡುಗರ ಕೂದಲು ಹೆಗಲಿಗಿಳಿಯಿತು, ಹಾಡುಗಳು ಆಕಳಿಸುತ್ತ ಉದ್ದವಾದವು. ಅದೇ ವರ್ಷ ಪ್ಯಾಂಟಿನ ಬಾಯಿಯೂ ಆಕಳಿಸತೊಡಗಿತು. ಅದಕ್ಕೆ ಬೆಲ್‌ಬಾಟಂ ಎಂದು ಹೆಸರು. ಅದರ ಬೆನ್ನಿಗೇ ತಿರುಗುವ ದೀಪದ ಕೆಳಗೆ ಕುಣಿಯುವ ಸಂಗೀತ ಬಂದಾಗ ಬಟ್ಟೆಯೂ ಮಿನುಗಬೇಕಾಗಿ ಬಂದು, ಅಂಗಡಿ ಮೀನಿನ ಬುಟ್ಟಿಯ ಹಾಗೆ ಹೊಳೆಯಿತು. ಬೇರೆ ದರ್ಜಿಗಳು ಪತ್ರಿಕೆಯ ಚಿತ್ರ ನೋಡಿ ಹೊಲಿದರು. ಮಾಸ್ಟರರ ಅಂಗಡಿಯಲ್ಲಿ ಮಾತ್ರ ಹಾಡು ಕೇಳಿ ಹೊಲಿಯುತ್ತಿದ್ದರು.

ಸೊಂಟ, ತೊಡೆ, ಉದ್ದ ಇವೆಲ್ಲ ಮಾಸ್ಟರರ ಪಾಲು. ಕಾಲಿನ ಬಾಯಿಯ ಸುತ್ತಳತೆ, ದರ್ಜಿಗಳು ಬಾಟಂ ಎನ್ನುವುದು, ಮಾಸ್ಟರಮ್ಮನ ಪಾಲು. ಅದಕ್ಕೆ ಅವರದೇ ಒಂದು ಕ್ರಮವಿತ್ತು. ದೊಡ್ಡ ಕತ್ತರಿಯನ್ನು ಟೇಪಿನ ತುದಿಗೆ ಕಟ್ಟಿ, ಸ್ಟೂಲಿನ ಮೇಲೆ ಕೂತು, ಗಡಿಯಾರದ ಲೋಲಕದಂತೆ ತೂಗಲು ಬಿಡುವರು. ಗಿರಾಕಿ ತನ್ನ ಮೆಚ್ಚಿನ ಹಾಡಿನ ರೆಕಾರ್ಡು ಹಾಕಬೇಕು. ಕತ್ತರಿಯ ತೂಗಾಟ ಹಾಡಿನ ತಾಳಕ್ಕೆ ಕೂಡುವ ತನಕ ಮಾಸ್ಟರಮ್ಮ ಟೇಪನ್ನು ಬಿಡುತ್ತ ಎಳೆಯುತ್ತ ಇರುವರು. ಕೂಡಿತೋ, ಹಿಡಿದ ಬೆರಳಿನಿಂದ ಕತ್ತರಿಯವರೆಗೆ ಎಷ್ಟು ಇಂಚಿದೆ ಎಂದು ಮಾಸ್ಟರರು ಓದುವರು. ಅದೇ ಬಾಟಂ. ವೇಗದ ಹಾಡಿಗೆ ಗಿಡ್ಡ ಟೇಪು, ಕಿರಿದಾದ ಬಾಯಿ. ನಿಧಾನದ ಹಾಡಿಗೆ ಉದ್ದ ಟೇಪು, ಅಗಲ ಬಾಯಿ.

"ಪ್ಯಾಂಟಿನ ಬಾಯಿನೂ ತೂಗಾಡೋ ವಸ್ತುನೇ ಅಲ್ವಾ?" ಎನ್ನುತ್ತಿದ್ದರು ಮಾಸ್ಟರಮ್ಮ. "ಹಾಡಿನ ಜೊತೆ ತೂಗಲಿಲ್ಲ ಅಂದ್ರೆ ಅದು ಪ್ಯಾಂಟಲ್ಲ, ಒಣಹಾಕಿದ ಚೀಲ."

ಅವರು ಹೋದ ಮೇಲೆ ಮಾಸ್ಟರರು ಹೊಸ ಬಟ್ಟೆಗೆ ಕತ್ತರಿ ಇಟ್ಟಿರಲಿಲ್ಲ. ಜಿಪ್ಪು ಬದಲಿಸುವುದು, ಉದ್ದ ಕಡಿಮೆ ಮಾಡುವುದು, ಅಷ್ಟೇ. ಗೋಡೆಯಾಚೆಯ ಜೆರಾಕ್ಸ್ ಅಂಗಡಿಯವನು ಎರಡು ತಿಂಗಳಿಂದ ಕಾಡುತ್ತಿದ್ದ. "ಮಾಸ್ಟ್ರೇ, ಅಂಗಡಿ ನನಗೆ ಬಿಟ್ಕೊಡಿ, ನಡುವಿನ ಗೋಡೆ ಒಡೆಸ್ತೀನಿ, ನೀವು ಮನೇಲಿ ಆರಾಮಾಗಿ ದೇವರ ಧ್ಯಾನ ಮಾಡ್ಕೊಂಡಿರಿ." ಮಾತಿನಲ್ಲಿ ಸಕ್ಕರೆ ಇತ್ತು, ಕಣ್ಣು ಗೋಡೆಯ ಅಳತೆಯ ಮೇಲಿತ್ತು.

ಕೀಲಿಕೈ ಕೊಟ್ಟೇಬಿಡಬೇಕೆಂದು ಮಾಸ್ಟರರು ಮನಸ್ಸು ಮಾಡಿದ ವಾರವೇ ಬಾಗಿಲಲ್ಲಿ ಮೂವರು ನಿಂತರು.

ಮುಂದೆ ಇದ್ದವನು ಕ್ರಾಪು. ಹರೆಯದಲ್ಲಿ ಅವನ ತಲೆಯ ಮೇಲೆ ಹಕ್ಕಿ ಗೂಡು ಕಟ್ಟುವಷ್ಟು ಕೂದಲಿತ್ತು. ಈಗ ಅದೇ ಹೆಸರು, ಕೆಳಗೆ ತಾಮ್ರದ ತಂಬಿಗೆಯಂಥ ತಲೆ. ಹಾಡುವವನು, ಗಿಟಾರು ಬಾರಿಸುವವನು ಅವನೇ. ಅವನ ಹಿಂದೆ ಡ್ರಮ್ಮು ಬಾರಿಸುವ ಗುಡುಗಣ್ಣ, ಗಾಳಿ ಬೀಸಿದರೆ ಹಾರಿಹೋಗುವಂಥ ಮನುಷ್ಯ. ಅವನ ಹಿಂದೆ, ಬಾಗಿಲಿಗೆ ತಲೆ ತಗುಲದಂತೆ ಬಗ್ಗಿ, ದಪ್ಪ ತಂತಿಯ ಗಿಟಾರಿನ ಉದ್ದಣ್ಣ. ಉದ್ದಣ್ಣ ದಿನಕ್ಕೊಂದೇ ಮಾತಾಡುವವನು. ಅದನ್ನೂ ಸಂಜೆಗೆ ಉಳಿಸಿಟ್ಟುಕೊಳ್ಳುವವನು.

"ಮಾಸ್ಟ್ರೇ," ಎಂದ ಕ್ರಾಪು, "ಬರೋ ಭಾನುವಾರ ಸಭಾಂಗಣದಲ್ಲಿ ನಮ್ಮ ಬ್ಯಾಂಡು ಮತ್ತೆ ಹಾಡ್ತಾ ಇದೆ. ನಲವತ್ತೈದು ವರ್ಷ ಆದ್ಮೇಲೆ. ಅವತ್ತಿನ ಪ್ಯಾಂಟೇ ಬೇಕು."

"ಅವತ್ತಿನ ಸೊಂಟ ತಂದಿದೀಯೇನೋ?"

"ಸೊಂಟ ಬಿಡಿ ಮಾಸ್ಟ್ರೇ, ಬಾಟಂ ಮುಖ್ಯ. ನಮ್ಮ ಬಾಟಂ ಎಷ್ಟಿತ್ತು, ನೆನಪಿದೆಯಾ?"

ಮಾಸ್ಟರರಿಗೆ ನೆನಪಿರಲಿಲ್ಲ. ಅಂಥ ನೂರಾರು ಪ್ಯಾಂಟು ಹೊಲಿದಿದ್ದರು. ಅಂಕಿಗಳೆಲ್ಲ ಮಾಸ್ಟರಮ್ಮನ ತಲೆಯಲ್ಲಿದ್ದವು.

"ಬೀದಿ ಗುಡಿಸ್ಕೊಂಡು ಹೋಗ್ತಿತ್ತು," ಎಂದ ಗುಡುಗಣ್ಣ. "ಒಂದ್ಸಲ ಮನೆಗೆ ಹೋಗಿ ಬಿಚ್ಚಿದ್ರೆ ಒಳಗಿಂದ ಬೆಕ್ಕಿನ ಮರಿ ಬಂತು."

"ಬೊಗಳೆ!"

"ದೇವರಾಣೆ ಮಾಸ್ಟ್ರೇ. ಸಾಕಿದ್ವಿ ಅದನ್ನ."

ಮಾಸ್ಟರರು ಬೇಡ ಎನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಊಟದ ಬುತ್ತಿ ಹಿಡಿದು ನಾದಿನಿ ಬಂದಳು. ಮಾಸ್ಟರಮ್ಮನ ಒಡಹುಟ್ಟಿದ ತಂಗಿ. ಮೂರು ಮನೆ ಆಚೆ ಇರುವವಳು. ಅಕ್ಕ ಹೋದ ಮೇಲೆ ಭಾವ ಹೊತ್ತಿಗೆ ಸರಿಯಾಗಿ ತಿನ್ನುವಂತೆ ನೋಡಿಕೊಳ್ಳುವುದನ್ನೂ, ತಿನ್ನುವಾಗ ಬೈಯುವುದನ್ನೂ ತಾನೇ ವಹಿಸಿಕೊಂಡಿದ್ದವಳು. ವಿಷಯ ಕೇಳಿ ಬುತ್ತಿಯನ್ನು ಮೇಜಿನ ಮೇಲೆ ಕುಕ್ಕಿದಳು.

"ಹೊಲಿದುಕೊಡಿ ಭಾವ. ಗೆದ್ದಲು ತಿನ್ನೋಕೆ ಇಟ್ಟಿದೀರಾ ಕೈನ?"

"ಬಾಟಂ ಅಳೆಯೋಳು ಇಲ್ವಲ್ಲೇ."

"ಕತ್ತರಿ ಇದೆ, ಟೇಪಿದೆ. ರೆಕಾರ್ಡು ಇವರ ಹತ್ರ ಇರತ್ತೆ. ಅಂಗಡಿ ಪ್ಲೇಯರು ಕೆಟ್ಟರೇನು, ನಂದು ಮನೇಲಿದೆ. ಇನ್ನೇನು ಬೇಕು, ಮುಹೂರ್ತನಾ?"

ಮಾಸ್ಟರರು ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದರು. "ಸರಿ. ಈ ಮೂರು ಪ್ಯಾಂಟು ಹೊಲಿತೀನಿ. ಸರಿ ಬಂದ್ರೆ ಅಂಗಡಿ ಇಟ್ಕೋತೀನಿ. ಕೆಟ್ರೆ, ಸೋಮವಾರ ಬೆಳಗ್ಗೆ ಕೀಲಿಕೈ ಜೆರಾಕ್ಸಿನವನಿಗೆ. ಅವಳಿಲ್ಲದೆ ನನ್ನ ಕೈಲಿ ಆಗತ್ತೋ ಇಲ್ವೋ ದೇವರೇ ಹೇಳಲಿ."

ಗೋಡೆಯಾಚೆ ಜೆರಾಕ್ಸ್ ಯಂತ್ರದ ಸದ್ದು ತಟಕ್ಕನೆ ನಿಂತಿತು. ಯಾರೋ ಗೋಡೆಗೆ ಕಿವಿ ಹಚ್ಚಿದ್ದರು.

ಮರುದಿನ ಕ್ರಾಪು ತನ್ನ ರೆಕಾರ್ಡು ತಂದ. ಹರೆಯದಲ್ಲಿ ಅವರು ತಾವೇ ಮಾಡಿಸಿದ್ದ ಒಂದೇ ಒಂದು ರೆಕಾರ್ಡು. ಅಂಗೈಗಿಂತ ಸ್ವಲ್ಪ ದೊಡ್ಡ ಸಣ್ಣ ತಟ್ಟೆ. ಅದರಲ್ಲಿ ಬ್ರೇಕಿಲ್ಲದ ಸೈಕಲ್ಲಿನ ಬಗ್ಗೆ ಒಂದು ಹಾಡು. ಇನ್ನೂರು ಪ್ರತಿ ಮಾಡಿಸಿದ್ದರು, ಮುಕ್ಕಾಲು ಪಾಲು ಈಗಲೂ ಕ್ರಾಪುವಿನ ಮಂಚದ ಕೆಳಗಿದ್ದವು.

"ಅಭ್ಯಾಸ ಹೇಗೆ ನಡೀತಿದೆ?" ಎಂದರು ಮಾಸ್ಟರರು.

"ನಡೀತಿಲ್ಲ ಮಾಸ್ಟ್ರೇ, ಓಡ್ತಿದೆ. ಎರಡನೇ ಚರಣಕ್ಕೇ ಗುಡುಗನಿಗೆ ಉಬ್ಬಸ. ನನಗೆ ಮೂರನೇದಕ್ಕೆ. ಉದ್ದಣ್ಣನಿಗೆ ಏನಾಗತ್ತೋ, ಹೇಳಲ್ಲ ಅವನು. ಆದ್ರೂ ಅದೇ ವೇಗದಲ್ಲಿ ಹಾಡಬೇಕು. ಮರ್ಯಾದೆ ಪ್ರಶ್ನೆ."

ನಾದಿನಿ ಪ್ಲೇಯರನ್ನು ಹೊತ್ತು ತಂದಳು. ಅವಳು ಅದರಲ್ಲಿ ಬೆಳಗ್ಗೆ ಸಂಜೆ ದೇವರ ಹಾಡುಗಳ ದೊಡ್ಡ ತಟ್ಟೆಗಳನ್ನು ಕೇಳುವವಳು. ದೊಡ್ಡ ತಟ್ಟೆ ನಿಧಾನ ತಿರುಗಬೇಕು, ಸಣ್ಣ ತಟ್ಟೆ ಬೇಗ ತಿರುಗಬೇಕು. ಅದಕ್ಕೆಂದೇ ಪ್ಲೇಯರಿನ ಮೂಲೆಯಲ್ಲಿ ಒಂದು ಪುಟ್ಟ ಗುಂಡಿ ಇರುತ್ತದೆ. ಈ ಸಂಗತಿ ನಾದಿನಿಗೆ ಗೊತ್ತಿರಲಿಲ್ಲ. ಅವಳ ಮನೆಯಲ್ಲಿ ಸಣ್ಣ ತಟ್ಟೆಯೇ ಇರಲಿಲ್ಲ, ಆ ಗುಂಡಿಯ ಮೇಲೆ ಇಪ್ಪತ್ತು ವರ್ಷದ ಧೂಳಿತ್ತು. ಇನ್ನು ಮಾಸ್ಟರರು, ಅವರ ಅಂಗಡಿಯಲ್ಲಿ ರೆಕಾರ್ಡು ಹಾಕುತ್ತಿದ್ದುದು ಯಾವಾಗಲೂ ಗಿರಾಕಿ. ಆ ದಿನದ ಗಿರಾಕಿ ಕ್ರಾಪು ತಟ್ಟೆ ಕೊಟ್ಟವನೇ ಉಬ್ಬಸದ ಔಷಧಿ ತರಲು ಹೊರಟುಹೋಗಿದ್ದ.

ಹಾಡು ಎದ್ದಿತು. ಬಾವಿಗೆ ಬಿದ್ದ ಎಮ್ಮೆ ಕರೆದಂತಿತ್ತು.

"ಇಷ್ಟು ದಪ್ಪ ದನಿ ಇತ್ತೇನೇ ಅವನದು?"

"ಹಳೇ ತಟ್ಟೆ ಭಾವ, ಹಳೇ ಗಂಟಲು. ಈಗ ಬಂದು ಮಾತಾಡಿ ಹೋದ್ರಲ್ಲ ಅವರು, ಹೀಗೇ ಇರಲಿಲ್ವಾ?"

ಅದೂ ನಿಜವೇ ಆಗಿತ್ತು. ಮಾಸ್ಟರರು ದೇವರನ್ನು ನೆನೆದು, ನಿಂತುಕೊಂಡೇ ಟೇಪಿನ ತುದಿಗೆ ಕತ್ತರಿ ಇಳಿಬಿಟ್ಟರು. ಸ್ಟೂಲಿನ ಮೇಲೆ ಕೂರಲು ಮನಸ್ಸು ಬರಲಿಲ್ಲ. ಟೇಪು ಬಿಟ್ಟರು, ಇನ್ನೂ ಬಿಟ್ಟರು. ಇಪ್ಪತ್ತೈದು ದಾಟಿತು, ಮೂವತ್ತು ದಾಟಿತು. ಹಾಡು ಇನ್ನೂ ಹಿಂದೆಯೇ ತೆವಳುತ್ತಿತ್ತು. ಕತ್ತರಿ ನೆಲ ಮುಟ್ಟೀತೆಂದು ಮಾಸ್ಟರರು ಮೇಜಿನ ಮೇಲೆ ಹತ್ತಿ ನಿಂತರು. ಕೊನೆಗೊಮ್ಮೆ ಕೂಡಿತು.

"ಓದೇ."

ನಾದಿನಿ ಕನ್ನಡಕ ಏರಿಸಿ ಓದಿದಳು. "ನಲವತ್ತು."

"ನಲವತ್ತಾ? ಅದು ಪ್ಯಾಂಟಾಗಲ್ಲ ಕಣೇ, ಎರಡು ಗುಡಾರ ಆಗತ್ತೆ."

"ಟೇಪು ಸುಳ್ಳು ಹೇಳಲ್ಲ ಅಂತ ಅಕ್ಕ ಹೇಳ್ತಿದ್ಲೋ ಇಲ್ವೋ?"

ಹೇಳುತ್ತಿದ್ದಳು. ಬೆಕ್ಕಿನ ಮರಿಯ ಕತೆಯೂ ಮಾಸ್ಟರರ ನೆನಪಿಗೆ ಬಂತು. ಸಾಮಾನ್ಯ ಬೆಲ್‌ಬಾಟಮ್ಮಿನ ಇಪ್ಪತ್ತೆರಡು ಇಂಚಿನ ಬಾಯಿಯಲ್ಲಿ ಬೆಕ್ಕು ಎಲ್ಲಿ ಹಿಡಿದೀತು? ನಲವತ್ತಿರಲೇಬೇಕು. ಅಟ್ಟದ ಮೇಲೆ ಹಳದಿ ಟೆರಿಕಾಟಿನ ಒಂದು ಇಡೀ ಥಾನು ಯಾರಿಗೂ ಬೇಡವಾಗಿ ಬಿದ್ದಿತ್ತು. ಆರು ಕಾಲುಗಳಿಗೆ ಅಷ್ಟೂ ಹೋಯಿತು. ಆರು ದಿನ ಅಂಗಡಿಯಲ್ಲಿ ಯಂತ್ರದ ಸದ್ದು ನಿಲ್ಲಲಿಲ್ಲ. ಹತ್ತು ತಿಂಗಳ ಮೇಲೆ ಮಾಸ್ಟರರಿಗೆ ಹಸಿವಾಯಿತು; ಬುತ್ತಿ ಖಾಲಿಯಾಗಿ ಹೋದುದನ್ನು ಕಂಡು ನಾದಿನಿಗೆ ಬೈಯಲು ಏನೂ ಉಳಿಯದೆ ಕೈಕಾಲು ಕಟ್ಟಿಹಾಕಿದಂತಾಯಿತು. ಕ್ರಾಪುವಿಗೆ ಟ್ರಯಲ್ಲಿಗೆ ಬಾ ಎಂದು ಎರಡು ಸಲ ಹೇಳಿ ಕಳಿಸಿದರು. "ಉಬ್ಬಸಕ್ಕೇ ಟೈಮಿಲ್ಲ, ನೀವು ಹೊಲಿದದ್ದು ಎಂದಾದ್ರೂ ತಪ್ಪಿದೆಯಾ" ಎಂದು ಅವನು ಹೇಳಿ ಕಳಿಸಿದ.

ಭಾನುವಾರದ ಕಾರ್ಯಕ್ರಮ ಸಂಜೆ ಐದಕ್ಕೆ. ಕೇಳಲು ಬರುವವರೆಲ್ಲ ಏಳಕ್ಕೆ ಮಾತ್ರೆ ನುಂಗಿ ಎಂಟಕ್ಕೆ ಮಲಗುವವರು. ನಾಲ್ಕು ಗಂಟೆಗೆ ವೇದಿಕೆಯ ಹಿಂದಿನ ಕೋಣೆಯಲ್ಲಿ ಮೂವರೂ ಪ್ಯಾಂಟು ತೊಟ್ಟರು. ತೊಟ್ಟು, ಕೆಳಗೆ ನೋಡಿಕೊಂಡರು.

"ಮಾಸ್ಟ್ರೇ," ಎಂದ ಗುಡುಗಣ್ಣ, "ನನ್ನ ಕಾಲೆಲ್ಲಿ?"

"ನಡೆದು ನೋಡ್ರಯ್ಯಾ ಮೊದಲು."

ನಡೆದರು. ಪಕ್ಕದಲ್ಲಿದ್ದ ಫ್ಯಾನಿನ ಗಾಳಿ ಉದ್ದಣ್ಣನ ಪ್ಯಾಂಟಿನೊಳಗೆ ತುಂಬಿಕೊಂಡು, ಅವನು ಹಾಯಿದೋಣಿಯಂತೆ ಬಾಗಿಲ ಕಡೆ ಸರಿದುಹೋದ. ವೇದಿಕೆಯ ಮೇಲೆ ಗುಡುಗಣ್ಣನ ಡ್ರಮ್ಮಿನ ಪೆಡಲು ಅವನ ಬಲಗಾಲಿನ ಬಾಯೊಳಗೆ ಮಾಯವಾಯಿತು. ಅವನು ಬಗ್ಗಿ ಕೈ ಹಾಕಿ ಹುಡುಕಿದ. ಒಂದು ಸಲ ಹಾಡಿ ನೋಡೋಣವೆಂದು ಹೊರಟರೆ, ಹಾಡು ಓಡುತ್ತಿತ್ತು, ಬಟ್ಟೆ ಮಾತ್ರ ಒಂದು ಹೆಜ್ಜೆ ತಡವಾಗಿ ಹಿಂದಿನಿಂದ ಪಟ್ ಎಂದು ಬಂದು ಕಾಲಿಗೆ ಹೊಡೆಯುತ್ತಿತ್ತು. ಸೈಕಲ್ಲು ತಿರುವಿನಲ್ಲಿ ತಿರುಗುವ ಸಾಲಿಗೆ ಕ್ರಾಪು ಸೊಗಸಾಗಿ ತಿರುಗಿದ. ಎಡ ಬಾಟಮ್ಮು ಬಲ ಬಾಟಮ್ಮನ್ನು ಸುತ್ತಿಕೊಂಡಿತು. ಗಿಟಾರು ಸಮೇತ ಬಿದ್ದ.

ಮುಂದಿನ ಸಾಲಿನಲ್ಲಿ ಆಗಲೇ ಬಂದು ಕೂತಿದ್ದ ಜೆರಾಕ್ಸಿನವನು ಚಪ್ಪಾಳೆ ತಟ್ಟಿದ.

ಮಾಸ್ಟರರು ವೇದಿಕೆಯ ಮೆಟ್ಟಿಲ ಮೇಲೆ ಕುಸಿದು ಕೂತರು. ದೇವರು ಉತ್ತರ ಹೇಳಿಬಿಟ್ಟಿದ್ದ. ಅವಳಿಲ್ಲದೆ ತನ್ನ ಕೈಯಲ್ಲಿ ಆಗದು. ಜೇಬಿಗೆ ಕೈ ಹಾಕಿದರೆ ಅಂಗಡಿಯ ಕೀಲಿಕೈ ತಣ್ಣಗೆ ಬೆರಳಿಗೆ ತಗುಲಿತು.

ಆಗ ಸಭಾಂಗಣದ ಮೈಕಿನವನು, ಜನ ಬಂದು ಕೂರುವ ತನಕ ಇರಲಿ ಎಂದು, ಕ್ರಾಪುವಿನ ರೆಕಾರ್ಡನ್ನು ಅಲ್ಲಿಯ ಪ್ಲೇಯರಿನಲ್ಲಿ ಹಾಕಿದ. ಹಾಡು ಬಾಲಕ್ಕೆ ಬೆಂಕಿ ಬಿದ್ದ ಕುದುರೆಯಂತೆ ಹೊರಟಿತು. ದನಿ ತೆಳ್ಳಗೆ, ಹರೆಯದ್ದು.

ಮಾಸ್ಟರರ ಕಿವಿ ನಿಮಿರಿತು. ಟೇಪು, ಕತ್ತರಿ ಅವರ ಕೈಚೀಲದಲ್ಲೇ ಇದ್ದವು. ಇಳಿಬಿಟ್ಟರು. ನಲವತ್ತಕ್ಕೆ ಕತ್ತರಿ ಹಾಡಿನ ಹಿಂದೆ ಏದುಸಿರು ಬಿಟ್ಟಿತು. ಎಳೆದರು, ಇನ್ನೂ ಎಳೆದರು. ಇಪ್ಪತ್ತೆರಡಕ್ಕೆ ಬಂದಾಗ ಕತ್ತರಿಯೂ ಹಾಡೂ ಕೈಕೈ ಹಿಡಿದುಕೊಂಡು ಹೊರಟವು.

"ಇಲ್ಲಿ ಬಾರೇ," ಎಂದು ನಾದಿನಿಯನ್ನು ಕರೆದರು. ಗಿರಾಕಿಗಳು ರೆಕಾರ್ಡು ಹಾಕುವ ಮುಂಚೆ ಪ್ಲೇಯರಿನ ಮೂಲೆಯಲ್ಲಿ ಏನೋ ತಿರುಗಿಸುತ್ತಿದ್ದುದು ಈಗ ನೆನಪಾಗಿತ್ತು. "ನಿನ್ನ ಪ್ಲೇಯರಲ್ಲಿ ವೇಗದ ಗುಂಡಿ ಇದೆಯಾ?"

"ಮೂಲೇಲಿ ಏನೋ ಒಂದಿದೆ ಭಾವ. ನಾನು ಮುಟ್ಟಿಲ್ಲ. ಒರೆಸಿದ್ರೆ ಹಾಳಾಗತ್ತೇನೋ ಅಂತ ಒರೆಸಿಯೂ ಇಲ್ಲ."

ಮಾಸ್ಟರರಿಗೆ ನಗು ಬಂತು. ಸಿಟ್ಟು ಬರಬೇಕಾದ ಜಾಗದಲ್ಲಿ ಅದು ಹೇಗೆ ಬಂತೋ ಅವರಿಗೇ ಗೊತ್ತಿಲ್ಲ. ಇಡೀ ವಾರ ತಾವು ಬೇರೆ ಯಾವುದೋ ಹಾಡಿಗೆ ಹೊಲಿದಿದ್ದರು. ಆ ಹಾಡಿಗೆ ಪ್ಯಾಂಟು ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

"ಪಿನ್ನು ಹಾಕಿ ಮಡಚೋಣ್ವಾ ಮಾಸ್ಟ್ರೇ?" ಎಂದ ಕ್ರಾಪು, ಮೊಣಕಾಲು ಉಜ್ಜಿಕೊಳ್ಳುತ್ತ. "ಇನ್ನು ಇಪ್ಪತ್ತೇ ನಿಮಿಷ."

"ಪಿನ್ನೂ ಬೇಡ, ಕತ್ತರಿಯೂ ಬೇಡ. ಪ್ಯಾಂಟು ಸರಿಯಾಗೇ ಇದೆ. ನಿನ್ನ ಹಾಡೇ ಸಣ್ಣದಾಗಿದೆ. ಅದನ್ನ ಬಿಚ್ಚಿ ಅಗಲ ಮಾಡು."

"ಹಾಡನ್ನಾ?"

"ನಾನು ಕತ್ತರಿ ತೂಗ್ತೀನಿ. ಅದು ಹೇಗೆ ಹೋಗತ್ತೋ ಹಾಗೆ ಹೋಗಿ. ಒಂದಿಂಚು ಮುಂದೆ ಹೋದ್ರೆ ಮತ್ತೆ ಬೀಳ್ತೀಯ, ನೋಡ್ಕೋ."

"ಬ್ರೇಕಿಲ್ಲದ ಸೈಕಲ್ಲು ಮಾಸ್ಟ್ರೇ ಅದು! ನಿಧಾನ ಹೋದ್ರೆ ಜನ ನಗ್ತಾರೆ."

ಆಗ ಉದ್ದಣ್ಣ ಆ ದಿನದ ಮಾತನ್ನು ಹೊರತೆಗೆದ. "ಸೈಕಲ್ಲು ಮುದಿಯಾಗಿದೆ," ಎಂದ. ಅಷ್ಟು ಹೇಳಿ ಗಿಟಾರು ಹೆಗಲಿಗೇರಿಸಿದ. ಇನ್ನು ನಾಳೆಯವರೆಗೆ ಅವನ ಜೊತೆ ವಾದಿಸುವಂತಿರಲಿಲ್ಲ.

ಐದು ಗಂಟೆಗೆ ಪರದೆ ಸರಿಯಿತು. ಮೂರು ಜೋಡಿ ಹಳದಿ ಗುಡಾರಗಳನ್ನು ಕಂಡು ಸಭೆ ಉಸಿರು ಹಿಡಿಯಿತು. ವೇದಿಕೆಯ ಕೆಳಗೆ, ಕುರ್ಚಿಯ ಮೇಲೆ ನಿಂತ ಮಾಸ್ಟರರು ನಲವತ್ತು ಇಂಚಿಗೆ ಟೇಪು ಹಿಡಿದು ಕತ್ತರಿ ಬಿಟ್ಟರು. ಇತ್ತ ಹೋಗಿ, ಅತ್ತ ಬಂತು. ಗುಡುಗಣ್ಣ ಅದನ್ನೇ ದಿಟ್ಟಿಸುತ್ತ ಕೋಲು ಎತ್ತಿದ.

ಸೈಕಲ್ಲು ಹೊರಟಿತು, ತುಂಬು ಬಸುರಿಯಂತೆ. ಕ್ರಾಪುವಿನ ಇಂದಿನ ದಪ್ಪ ದನಿಗೆ ಆ ನಡಿಗೆಯೇ ಒಪ್ಪಿತು. ಅವನು ಒಂದು ಹೆಜ್ಜೆ ಇಟ್ಟ. ಬಾಟಮ್ಮು ಹಾಯಾಗಿ ಮುಂದಕ್ಕೆ ತೂಗಿ, ಸರಿಯಾಗಿ ಡ್ರಮ್ಮಿನ ಪೆಟ್ಟಿಗೆ ಮೇಲಕ್ಕೆದ್ದು, ಸರಿಯಾಗಿ ಮುಂದಿನ ಪೆಟ್ಟಿಗೆ ಇಳಿಯಿತು. ಆರು ಕಾಲುಗಳೂ ಒಟ್ಟಿಗೆ ತೂಗಿದವು, ಒಟ್ಟಿಗೆ ಮರಳಿದವು. ಎರಡನೇ ಚರಣ ಬಂತು, ಹೋಯಿತು. ಯಾರಿಗೂ ಉಬ್ಬಸ ಬರಲಿಲ್ಲ. ತಿರುವಿನ ಸಾಲಿಗೆ ಕ್ರಾಪು ತಿರುಗಿದಾಗ ಪ್ಯಾಂಟು ಕೊಡೆಯಂತೆ ಬಿಚ್ಚಿಕೊಂಡಿತು.

ಮೂರನೇ ಸಾಲಿನಿಂದ ಮೊಣಕಾಲಿಗೆ ಪಟ್ಟಿ ಕಟ್ಟಿದ ಒಬ್ಬಾಕೆ ಎದ್ದು, "ಏಳ್ರೀ, ಇಷ್ಟು ನಿಧಾನ ಆದ್ರೆ ನನ್ನ ಕೈಲೂ ಆಗತ್ತೆ" ಎಂದು ಗಂಡನ ಕೈ ಎಳೆದರು. ಆಮೇಲೆ ಸಾಲಿಗೆ ಸಾಲೇ ಎದ್ದಿತು. ಊರುಗೋಲುಗಳೂ ಹೆಜ್ಜೆ ಹಾಕಿದವು. ಹರೆಯದಲ್ಲಿ ಈ ಹಾಡಿಗೆ ಕುಣಿಯಲು ಹೋಗಿ ಕಾಲು ಉಳುಕಿಸಿಕೊಂಡವರು ಈಗ ಸೇಡು ತೀರಿಸಿಕೊಂಡರು. ಒಂದೇ ಹಾಡನ್ನು ನಾಲ್ಕು ಸಲ ಹಾಡಿಸಿದರು. ನಾಲ್ಕು ಸಲವೂ ಮಾಸ್ಟರರು ಕುರ್ಚಿಯಿಂದ ಇಳಿಯಲಿಲ್ಲ. ಕತ್ತರಿ ಅತ್ತ ಹೋದಾಗಲೆಲ್ಲ, ಗಿಡ್ಡ ಕಾಲಿನ ಸ್ಟೂಲು ಟಕ್ ಎಂದಂತೆ ಅವರಿಗೆ ಕೇಳುತ್ತಿತ್ತು.

ಸೋಮವಾರ ಬೆಳಗ್ಗೆ ಅಂಗಡಿಯ ಮುಂದೆ ಹನ್ನೊಂದು ಜನ ನಿಂತಿದ್ದರು. ಎಲ್ಲರ ಕಂಕುಳಲ್ಲೂ ರೆಕಾರ್ಡು. ಸಾಲಿನ ತಲೆಯಲ್ಲಿ ಜೆರಾಕ್ಸಿನವನು. ಅವನ ಕೈ ಮಾತ್ರ ಖಾಲಿ.

"ಕೀಲಿಕೈಗೆ ಬಂದ್ಯಾ?" ಎಂದರು ಮಾಸ್ಟರರು.

"ಇಲ್ಲ ಮಾಸ್ಟ್ರೇ," ಅವನು ತಲೆ ಕೆರೆದುಕೊಂಡ, "ನನಗೂ ಒಂದು ಪ್ಯಾಂಟು."

"ನಿನ್ನ ಹಾಡು?"

"ನನಗೆಲ್ಲಿ ಹಾಡು? ಬೆಳಗಿಂದ ಸಂಜೆತನಕ ಆ ಮಿಷನ್ನಿನ ಸದ್ದೇ."

ಗೋಡೆಯಾಚೆ ಅವನ ಹೆಂಡತಿ ಪ್ರತಿ ತೆಗೆಯುತ್ತಿದ್ದಳು: ಖಚಕ್ ಖಚಕ್, ಖಚಕ್ ಖಚಕ್. ಮಾಸ್ಟರರು ಟೇಪು, ಕತ್ತರಿ ಎತ್ತಿಕೊಂಡು, ಒಂದು ಗಳಿಗೆ ತಡೆದು, ಬುತ್ತಿ ಹಿಡಿದು ನಿಂತಿದ್ದ ನಾದಿನಿಯ ಕಡೆ ಚಾಚಿದರು.

"ನೀನು ಹಿಡಿ. ನಾನು ಓದ್ತೀನಿ."

ನಾದಿನಿ ಬುತ್ತಿ ಕೆಳಗಿಟ್ಟು ಸುತ್ತ ನೋಡಿದಳು. "ನಿಂತ್ಕೊಂಡು ಹಿಡಿಯೋಕಾಗಲ್ಲ ಭಾವ. ಎಲ್ಲಿ ಕೂರಲಿ?"

ಮಾಸ್ಟರರು ಬಾಗಿಲ ಪಕ್ಕಕ್ಕೆ ಕಣ್ಣು ತೋರಿಸಿದರು.

"ಅದು ಮುರಿದಿದೆ ಅಂತಿದ್ರಿ?"

"ಸುಳ್ಳು ಹೇಳ್ತಿದ್ದೆ."

ಅವಳು ಸೆರಗಿನಿಂದ ಧೂಳು ಹೊಡೆದು ಕೂತಳು. ಸ್ಟೂಲು ಟಕ್ ಎಂದಿತು. "ಅಯ್ಯೋ, ಕುಂಟತ್ತೆ ಭಾವ!"

"ಐವತ್ತೊಂದು ವರ್ಷದಿಂದ ಕುಂಟತ್ತೆ. ಕತ್ತರಿ ಬಿಡು."

ಕತ್ತರಿ ಚಟಪಟ ತೂಗಿತು. ನಾದಿನಿ ಟೇಪು ಎಳೆದಳು, ಇನ್ನೂ ಎಳೆದಳು. ಮಾಸ್ಟರರು ಬಗ್ಗಿ, ಕನ್ನಡಕ ಸರಿಮಾಡಿಕೊಂಡು, ಎರಡೆರಡು ಸಲ ಓದಿದರು.

"ಒಂಬತ್ತು ಇಂಚು," ಎಂದರು ಜೆರಾಕ್ಸಿನವನಿಗೆ. "ಹಿಮ್ಮಡಿಗೆ ಕಾಗದ ಸುತ್ಕೊಂಡು ಕಾಲು ತೂರಿಸಬೇಕಪ್ಪಾ. ಕಾಗದಕ್ಕೇನು ಬರ ನಿನಗೆ?"